ಮೂವತ್ತೇಳು ಇಂಚು ದೂರದ ಅಳಿಯ

ಟೈಲರ್ ಮಾಸ್ತರರಿಗೆ ಪ್ರಪಂಚಜ್ಞಾನ ಬಂದದ್ದು ಅವರ ಅಂಗಡಿಯ ಗೋಡೆಗೆ ತೇವ ಬಂದದ್ದರಿಂದ. ಗಿರಾಕಿಗಳ ಕಣ್ಣು ನೇರವಾಗಿ ಬೀಳುವ ಎತ್ತರದಲ್ಲೇ ಒಂದು ದೊಡ್ಡ ಕಲೆ ಮೂಡಿತ್ತು. ಸುಣ್ಣ ಬಳಿದರೆ ನಾಲ್ಕು ದಿನ ಅಡಗಿರುತ್ತಿತ್ತು, ಐದನೆಯ ದಿನ ಮೊದಲಿಗಿಂತ ಅಗಲವಾಗಿ ಹೊರಬರುತ್ತಿತ್ತು. ಕೊನೆಗೆ, ಮುಚ್ಚಿಹೋದ ಯಾವುದೋ ಶಾಲೆಯ ಸಾಮಾನು ಹರಾಜಾದಾಗ ಮಾಸ್ತರರು ಒಂದು ಪ್ರಪಂಚದ ನಕ್ಷೆ ಹೊತ್ತು ತಂದರು. ಗಟ್ಟಿ ಬಟ್ಟೆಯ ಮೇಲೆ ಅಂಟಿಸಿದ ನಕ್ಷೆ. ಅಗಲ ಮೂವತ್ತೆಂಟು ಇಂಚು. ಅದನ್ನು ಕಲೆಯ ಮೇಲೆ ತೂಗುಹಾಕಿದ ದಿನದಿಂದ ಅವರ ಮಾತಿನ ವರಸೆಯೇ ಬದಲಾಯಿತು.

ಪ್ಯಾಂಟು ಅರ್ಧ ಇಂಚು ಉದ್ದವಾಯಿತು ಎಂದು ಯಾರಾದರೂ ದೂರಿದರೆ ಮಾಸ್ತರರು ಮಾತಾಡದೆ ನಕ್ಷೆಯತ್ತ ಕೈ ತೋರಿಸುತ್ತಿದ್ದರು. ಇಷ್ಟು ದೊಡ್ಡ ಪ್ರಪಂಚದಲ್ಲಿ ಅರ್ಧ ಇಂಚು ಯಾವ ಮಹಾ ಎಂಬುದು ಅದರ ಅರ್ಥ. ಸೆಖೆ ಹೆಚ್ಚಾದರೆ ಅದು ಯಾವ ಮರುಭೂಮಿಯ ಕಿತಾಪತಿ, ಮಳೆ ತಡವಾದರೆ ಯಾವ ಸಮುದ್ರದ ಸೋಮಾರಿತನ, ಎಲ್ಲವನ್ನೂ ಅಳತೆಯ ಕೋಲಿನಿಂದ ತೋರಿಸಿ ಹೇಳುತ್ತಿದ್ದರು. ಪಕ್ಕದ ಕ್ಷೌರದಂಗಡಿಯವನು ತನ್ನ ಗಿರಾಕಿಗಳಿಗೆ ಸುದ್ದಿ ಸಾಲದೆ ಹೋದಾಗ ಬಂದು ಕೇಳಿಸಿಕೊಂಡು ಹೋಗುತ್ತಿದ್ದ. ಮೂಲೆಯಲ್ಲಿ ಕೂತು ಗುಂಡಿಗಳಿಗೆ ಕಾಜಾ ಹಾಕುವ ಮಾಸ್ತರರ ಹೆಂಡತಿ ಮಾತ್ರ ಆ ನಕ್ಷೆಯನ್ನು ತೇವ ಮುಚ್ಚುವ ಬಟ್ಟೆ ಎಂದಷ್ಟೇ ತಿಳಿದಿದ್ದಳು. ಅವಳು ತಿಳಿದದ್ದು ಸರಿಯಾಗಿಯೂ ಇತ್ತು.

ಇವರಿಗೆ ಒಬ್ಬಳೇ ಮಗಳು. ಎಕ್ಸ್-ರೇ ತೆಗೆಯುವ ಕೆಲಸ ಕಲಿತು, ವರ್ಷದ ಹಿಂದೆ ಸಮುದ್ರದಾಚೆಯ ಒಂದು ದ್ವೀಪದ ಆಸ್ಪತ್ರೆಗೆ ಹೋಗಿದ್ದಳು. ಆ ದ್ವೀಪದ ಹೆಸರು ಮಾಸ್ತರರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಅದನ್ನು ಹೇಳುವಾಗ ಹಲ್ಲಿಗೆ ಕೆಲಸವೇ ಇಲ್ಲ, ಬರೀ ಬಾಯಿ ತೆರೆದು ಮುಚ್ಚಬೇಕು ಎಂದು ಗೊಣಗುತ್ತಿದ್ದರು. ಹಾಗಾಗಿ ಮನೆಯಲ್ಲಿ ಅದು ‘ಮಗಳ ದ್ವೀಪ’. ನಕ್ಷೆಯ ಎಡ ಅಂಚಿನಿಂದ ಅರ್ಧ ಇಂಚು ಒಳಗೆ, ನೊಣ ಕೂತು ಎದ್ದುಹೋದಷ್ಟು ದೊಡ್ಡ ಚುಕ್ಕಿ. ಮಾಸ್ತರರು ಅಲ್ಲಿ ಕೆಂಪು ತಲೆಯ ಗುಂಡುಸೂಜಿ ಚುಚ್ಚಿದ್ದರು. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಅದರ ಮೇಲಿನ ಧೂಳು ಒರೆಸುತ್ತಿದ್ದರು. ಅದನ್ನು ಯಾರಾದರೂ ನೋಡಿದರೆ ಇಡೀ ನಕ್ಷೆಯನ್ನು ಒರೆಸುವಂತೆ ನಟಿಸುತ್ತಿದ್ದರು.

ಹೀಗಿರುವಾಗ ಒಂದು ದಿನ ಎದುರು ಸಾಲಿನ ಔಷಧಿ ಅಂಗಡಿಯಮ್ಮ ಬಿಳಿಯ ಬಟ್ಟೆಯ ಗಂಟು ಹಿಡಿದು ಬಂದರು. ಗಂಡ ತೀರಿಹೋದ ಮೇಲೆ ಅಂಗಡಿಯನ್ನೂ ಮಗನನ್ನೂ ಒಬ್ಬರೇ ದಡ ಮುಟ್ಟಿಸಿದ ಹೆಂಗಸು. ಮಾತು ಕಡಿಮೆ, ಹೇಳಿದ್ದು ತೂಕ. ಅವರ ಮಗನೂ ಹೊರದೇಶದಲ್ಲಿದ್ದ, ಮೀನು ಶೇಖರಿಸಿಡುವ ಕೋಲ್ಡ್ ಸ್ಟೋರೇಜಿನಲ್ಲಿ ಮೆಕ್ಯಾನಿಕ್. ಆ ಕಡೆಯ ಆಸ್ಪತ್ರೆಯಲ್ಲಿ ಕೆಲಸ ಖಾಲಿ ಇದೆ ಎಂದು ಮಾಸ್ತರರ ಮಗಳಿಗೆ ಸುದ್ದಿ ಕೊಟ್ಟವನೂ ಅವನೇ. ಈಗ ಅಮ್ಮ ಹೇಳಿದ್ದಿಷ್ಟು: ಮಕ್ಕಳಿಬ್ಬರೂ ಒಬ್ಬರನ್ನೊಬ್ಬರು ಒಪ್ಪಿದ್ದಾರೆ, ಮುಂದಿನ ತಿಂಗಳು ರಜೆಗೆ ಬರುತ್ತಾರೆ, ದೊಡ್ಡವರು ಹೂಂ ಅಂದರೆ ಮದುವೆ ಮಾಡಿಬಿಡಬಹುದು. ಮದುವೆಯ ಶರಟು ಮಾಸ್ತರರೇ ಹೊಲಿಯಬೇಕು. ಅಳತೆಗೆ ಮಗನ ಹಳೆಯ ಶರಟೊಂದನ್ನೂ ತಂದಿದ್ದರು.

ಮಾಸ್ತರರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹುಡುಗ ಕಣ್ಣೆದುರೇ ಬೆಳೆದವನು, ಹೆಗಲು ನೇರ, ಹೊಟ್ಟೆ ಇಲ್ಲ. ಟೈಲರ್ ಆದವನು ಅಳಿಯನಲ್ಲಿ ಇನ್ನೇನು ಬಯಸಬೇಕು? ಹೆಂಡತಿ ಚಹಾ ತಂದಳು. ಮಾತು ಮುಗಿಯುವಷ್ಟರಲ್ಲಿ ಮಾಸ್ತರರು ಬಟ್ಟೆ ಹರಡಿ, ಗೆರೆ ಎಳೆದು, ಕತ್ತರಿಯನ್ನೂ ಹಾಕಿಬಿಟ್ಟಿದ್ದರು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವರಿಗೆ ಅಳಿಯನ ಊರಿಗೂ ಒಂದು ಗುಂಡುಸೂಜಿ ಚುಚ್ಚುವ ಆಸೆಯಾಯಿತು.

ಅಮ್ಮ ಮಗನಿರುವ ದ್ವೀಪದ ಹೆಸರು ಹೇಳಿದರು. ಅದೂ ಹಲ್ಲಿಗೆ ಕೆಲಸ ಕೊಡದ ಹೆಸರೇ. ಮಾಸ್ತರರು ಮಗಳ ದ್ವೀಪದ ಸುತ್ತಮುತ್ತ ಹುಡುಕಿದರು, ಸಿಗಲಿಲ್ಲ. ಕನ್ನಡಕ ಒರೆಸಿ ನಡುವಿನ ದೇಶಗಳನ್ನೆಲ್ಲ ಜಾಲಾಡಿದರು, ಅಲ್ಲೂ ಇಲ್ಲ. ಕೊನೆಗೆ ಅದು ಸಿಕ್ಕಿದ್ದು ನಕ್ಷೆಯ ಬಲ ಅಂಚಿನಲ್ಲಿ, ಇನ್ನರ್ಧ ಇಂಚು ಹೋದರೆ ಗೋಡೆಗೇ ಬೀಳುವ ಜಾಗದಲ್ಲಿ. ಮಾಸ್ತರರು ಕೊರಳಿನ ಟೇಪನ್ನು ತೆಗೆದರು. ಒಂದು ತುದಿಯನ್ನು ಮಗಳ ದ್ವೀಪದ ಮೇಲೆ ಹೆಂಡತಿ ಹಿಡಿದಳು, ಇನ್ನೊಂದನ್ನು ಅವರು ಎಳೆದುಕೊಂಡು ಹೋದರು. ಸಮುದ್ರ ದಾಟಿದರು, ಖಂಡ ದಾಟಿದರು, ತಮ್ಮ ದೇಶವನ್ನೇ ದಾಟಿದರು, ದಾರಿಯಲ್ಲಿದ್ದ ಇಸ್ತ್ರಿ ಮೇಜನ್ನೂ ಸುತ್ತು ಹಾಕಿ ದಾಟಿದರು. ಮೂವತ್ತೇಳು ಇಂಚು.

“ಇದು ಆಗೋ ಹೋಗೋ ಮಾತಲ್ಲ ಅಮ್ಮ” ಎಂದರು ಮಾಸ್ತರರು. “ಹೆಂಡ್ತಿ ಪ್ರಪಂಚದ ಈ ತುದಿ, ಗಂಡ ಆ ತುದಿ. ಉಪ್ಪು ಮುಗೀತು ಅಂದ್ರೆ ಯಾರು ತರ್ತಾರೆ?”

ಅಮ್ಮ ನಕ್ಕರು. ಆ ದ್ವೀಪದಿಂದ ಈ ದ್ವೀಪಕ್ಕೆ ವಿಮಾನದಲ್ಲಿ ಬರೀ ನಾಲ್ಕು ಗಂಟೆಯಂತೆ, ಮಗ ರಜೆ ಸಿಕ್ಕಾಗಲೆಲ್ಲ ಹೋಗಿಬರುತ್ತಾನಂತೆ ಎಂದರು. ಕೆಲಸದ ಕರಾರು ಮುಗಿದ ಮೇಲೆ ಅವನೇ ಹುಡುಗಿಯ ದ್ವೀಪಕ್ಕೆ ಬಂದು ನೆಲೆಸುತ್ತಾನೆ, ಅಲ್ಲಿಯವರೆಗೆ ಒಂದಷ್ಟು ತಿಂಗಳ ಓಡಾಟ ಅಷ್ಟೇ ಎಂದೂ ಹೇಳಿದರು. ಮಾಸ್ತರರು ಟೇಪನ್ನು ಮತ್ತೊಮ್ಮೆ ನೋಡಿದರು. ಮಗಳು ಇಲ್ಲಿಂದ ಹೊರಟು ತನ್ನ ದ್ವೀಪ ಮುಟ್ಟಲು ಒಂದು ಹಗಲು, ಒಂದು ರಾತ್ರಿ ಹಿಡಿದಿತ್ತು. ಅದು ಕಣ್ಣಂದಾಜಿಗೆ ಅರ್ಧ ನಕ್ಷೆಯ ದೂರ. ಅರ್ಧ ಬಟ್ಟೆಗೆ ಒಂದು ದಿನವಾದರೆ ಪೂರ್ತಿ ಬಟ್ಟೆಗೆ ಎರಡು ದಿನ. ಎರಡು ದಿನದ ದಾರಿಯನ್ನು ನಾಲ್ಕು ಗಂಟೆ ಎನ್ನುವವರ ಮನೆಯೊಡನೆ ಸಂಬಂಧ ಹೇಗೆ ಬೆಳೆಸುವುದು? ನೋಡೋಣ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಅಮ್ಮನನ್ನು ಕಳಿಸಿಕೊಟ್ಟರು.

ಸಂಜೆ ಹೆಂಡತಿಯ ತಮ್ಮ ಬಂದ. ಅವನು ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸುಗಳ ಹೊತ್ತು ಕೂಗುವವನು. ಪ್ರಯಾಣದ ವಿಷಯದಲ್ಲಿ ಮನೆಗೆಲ್ಲ ಅವನೇ ಸರ್ಕಾರ. ಜೊತೆಗೆ, ಭಾವ ಎತ್ತು ಈಯಿತು ಎಂದರೆ ಕರು ಕಟ್ಟಲು ಹಗ್ಗ ಹುಡುಕುವ ಸ್ವಭಾವ. ಮೂವತ್ತೇಳು ಇಂಚು ಎಂದು ಕೇಳಿದೊಡನೆ ಕಣ್ಣು ಮುಚ್ಚಿ ಲೆಕ್ಕ ಹಾಕಿದ. ಎರಡು ದಿನವೂ ಕಡಿಮೆಯೇ ಎಂದ. ಎಣ್ಣೆ ಹಾಕಿಸಬೇಕು, ಡ್ರೈವರ್ ಬದಲಾಗಬೇಕು, ಇಳಿಯುವವರು ಇಳಿಯಬೇಕು, ಹತ್ತುವವರು ಚಿಲ್ಲರೆ ಹುಡುಕಬೇಕು.

“ಮೇಲಿದ್ದಾಗ ಪಂಕ್ಚರ್ ಆಗಲ್ಲ ಭಾವ, ಒಪ್ಪಿದೆ” ಎಂದ. “ಆದ್ರೆ ಇಳಿದಾಗ ಆಗಬಹುದಲ್ಲ.”

ಹೆಂಡತಿ ಹಲ್ಲಿನಿಂದ ದಾರ ಕಡಿದು, ವಿಮಾನಕ್ಕೂ ಬಸ್ಸಿಗೂ ವ್ಯತ್ಯಾಸವಿದೆ ಎಂದಳು. ತಮ್ಮ ಗಂಭೀರವಾಗಿ ತಲೆಯಾಡಿಸಿದ. ವಿಮಾನ ಬಸ್ಸಿಗಿಂತ ತಡವಾಗಿ ಹೊರಡುತ್ತದೆ ಎಂಬ ವ್ಯತ್ಯಾಸ ತನಗೂ ಗೊತ್ತು ಎಂದ.

ಆದರೂ ಮಾಸ್ತರರು ಅನ್ಯಾಯ ಮಾಡುವ ಮನುಷ್ಯರಲ್ಲ. ಮರುದಿನ ಅಂಗಡಿಗೆ ಬೀಗ ಹಾಕಿ ಮಹಡಿಯ ಮೇಲಿನ ಟಿಕೆಟ್ ಕಚೇರಿಗೆ ಹೋದರು. ಅಲ್ಲಿನ ಗುಮಾಸ್ತ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, ಎಲ್ಲಿಂದ ಎಲ್ಲಿಗೆ ಎಂದು ಕೇಳಿದ. ಮಾಸ್ತರರು ಎರಡು ಹೆಸರನ್ನೂ ಬಾಯಿ ತೆರೆದು ಮುಚ್ಚಿ ತೆರೆದು ಹೇಳಿದರು.

“ಎಷ್ಟು ಜನ?”

“ಯಾರೂ ಇಲ್ಲ.”

“ಯಾವಾಗ ಹೋಗ್ಬೇಕು?”

“ಹೋಗೋದು ಬೇಡ. ಹೋದ್ರೆ ಎಷ್ಟು ಹೊತ್ತು ಅಂತ ಹೇಳಿ ಸಾಕು.”

ಗುಮಾಸ್ತ ಆಗ ಮೊದಲ ಬಾರಿಗೆ ಕಣ್ಣು ತೆಗೆದು ನೋಡಿದ. ಕೊರಳಲ್ಲಿ ಟೇಪು, ಕಿವಿಯ ಮೇಲೆ ಸೀಮೆಸುಣ್ಣ. ಬೇಗ ಸಾಗಹಾಕುವುದೇ ಕ್ಷೇಮವೆಂದು ಗುಂಡಿ ಒತ್ತಿದ. ಕಂಪ್ಯೂಟರು ಬಹಳ ಹೊತ್ತು ಯೋಚಿಸಿತು. ಮಗಳ ದ್ವೀಪದಿಂದ ಒಂದು ದೊಡ್ಡ ನಗರ, ಅಲ್ಲಿ ಕಾಯುವುದು, ಅಲ್ಲಿಂದ ಇನ್ನೊಂದು ದೊಡ್ಡ ನಗರ, ಅಲ್ಲೂ ಕಾಯುವುದು, ಮತ್ತೆ ಮೂರನೆಯದು, ಹೀಗೆ ಪ್ರದಕ್ಷಿಣೆ ಹಾಕಿ ಕೊನೆಗೆ ಹುಡುಗನ ದ್ವೀಪ. ಒಟ್ಟು ಎರಡು ದಿನಕ್ಕೆ ಚೂರು ಕಡಿಮೆ ಎಂದ ಗುಮಾಸ್ತ. ಮಾಸ್ತರರು ಎದ್ದು ನಿಂತು ಅವನ ಕೈ ಕುಲುಕಿದರು. ಅಂಥ ಪುಟ್ಟ ದ್ವೀಪಗಳ ಮಧ್ಯೆ ಸ್ಥಳೀಯ ವಿಮಾನಗಳೂ ಇರುತ್ತವೆ, ಅವು ನಮ್ಮ ಕಂಪ್ಯೂಟರಿನಲ್ಲಿ ಬರುವುದಿಲ್ಲ ಎಂದು ಅವನು ಹೇಳಿದ್ದನ್ನು ಖಾಲಿ ಕುರ್ಚಿ ಕೇಳಿಸಿಕೊಂಡಿತು. ಮಾಸ್ತರರು ಆಗಲೇ ಕೆಳಗಿನ ಮೆಟ್ಟಿಲಲ್ಲಿದ್ದರು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಪುಣ್ಯವಂತ. ಅವನ ಮೊಲವಾದರೂ ಸುಮ್ಮನಿರುತ್ತದೆ. ಮಾಸ್ತರರ ಮೊಲ ಅಂದೇ ಫೋನು ಮಾಡಿತು. ಮಗಳು ತನ್ನ ತಾಯಿಯಿಂದ ವಿಷಯವೆಲ್ಲ ತಿಳಿದುಕೊಂಡಿದ್ದಳು.

“ಅಪ್ಪ, ಅವರು ಬೆಳಿಗ್ಗೆ ತಿಂಡಿ ತಿಂದು ಹೊರಟ್ರೆ ಊಟದ ಹೊತ್ತಿಗೆ ಇಲ್ಲಿರ್ತಾರೆ. ನಾನೇ ಎಷ್ಟೋ ಸಲ ಏರ್‌ಪೋರ್ಟಿಗೆ ಹೋಗಿ ಕರ್ಕೊಂಡು ಬಂದಿದೀನಿ.”

ಹೊರಟದ್ದನ್ನು ನೀನು ಕಣ್ಣಾರೆ ಕಂಡೆಯಾ ಎಂದು ಮಾಸ್ತರರು ಕೇಳಿದರು. ಬಂದದ್ದನ್ನು ಕಂಡಿದ್ದೇನೆ, ಹೊರಟದ್ದನ್ನು ಹೇಗೆ ಕಾಣಲಿ ಎಂದಳು ಮಗಳು. ಹಾಗಾದರೆ ಎರಡು ದಿನ ಮೊದಲೇ ಹೊರಟು ಈಗ ತಾನೆ ಹೊರಟೆ ಎಂದು ಹೇಳಿರಬಹುದಲ್ಲ ಎಂದು ಮಾಸ್ತರರು ಬಿಡಿಸಿ ಹೇಳಿದರು. ಪ್ರೀತಿಗೆ ಕಣ್ಣಿಲ್ಲ ಎಂದು ಕೇಳಿದ್ದರು; ಗಡಿಯಾರವೂ ಇಲ್ಲ ಎಂದು ಅವರಿಗೆ ಅಂದೇ ಗೊತ್ತಾದದ್ದು. ಮಗಳು ವಾದಿಸಿದಳು, ನಕ್ಕಳು, ಬೇಡಿಕೊಂಡಳು, ಕೊನೆಗೆ ಅವಳ ದನಿ ತಣ್ಣಗಾಯಿತು.

“ನೀವು ಒಪ್ಪದೆ ನಾನು ಮದುವೆ ಆಗಲ್ಲ ಅಪ್ಪ. ಆದ್ರೆ ಬೇರೆ ಯಾರನ್ನೂ ಆಗಲ್ಲ. ಒಪ್ಪಿದ ಮೇಲೆ ಫೋನ್ ಮಾಡಿ.”

ಅಷ್ಟು ಹೇಳಿ ಇಟ್ಟುಬಿಟ್ಟಳು. ಆಮೇಲೆ ಫೋನು ತಾಯಿಗೆ ಬರುತ್ತಿತ್ತು, ಅಪ್ಪನ ಕೈಗೆ ಬರುತ್ತಿರಲಿಲ್ಲ. ಮಾಸ್ತರರು ಪಕ್ಕದಲ್ಲೇ ಕೂತು ಗಟ್ಟಿಯಾಗಿ ಕೆಮ್ಮಿದರೂ ಆ ಕಡೆಯಿಂದ ಅಪ್ಪನಿಗೆ ಕೆಮ್ಮೇ ಎಂದು ಯಾರೂ ಕೇಳುತ್ತಿರಲಿಲ್ಲ. ಇದರಿಂದ ಅವರಿಗಾದ ಸಂಕಟ ಅಷ್ಟಿಷ್ಟಲ್ಲ. ಸಂಕಟವಾದವನು ಬೇರೆಯವರ ತಪ್ಪು ಹುಡುಕುವುದು ಲೋಕರೂಢಿ. ಮಾಸ್ತರರು ನೇರವಾಗಿ ಔಷಧಿ ಅಂಗಡಿಗೇ ಹೋದರು.

ಅಂಗಡಿಯಲ್ಲಿ ಮೂರ್ನಾಲ್ಕು ಮಂದಿ ಗಿರಾಕಿಗಳಿದ್ದರು. ಮಾಸ್ತರರು ಟಿಕೆಟ್ ಕಚೇರಿಯ ಲೆಕ್ಕ ಒಪ್ಪಿಸಿದರು. ಅಮ್ಮ ತಾಳ್ಮೆಯಿಂದಲೇ ಕೇಳಿ, ನಂಬದಿದ್ದರೆ ಇದನ್ನು ನೋಡಿ ಎಂದು ಫೋನಿನಲ್ಲಿ ಒಂದು ಚಿತ್ರ ತೆಗೆದರು. ಮಕ್ಕಳ ಪರಿಚಯ ಗಟ್ಟಿಯಾದದ್ದೇ ಇದರಿಂದ ಎಂದರು. ಹಿಂದೊಂದು ಶನಿವಾರ ಬೆಳಗಿನ ಜಾವ ಮಗನ ಬೆರಳು ಕೋಲ್ಡ್ ಸ್ಟೋರೇಜಿನ ಬಾಗಿಲಿಗೆ ಸಿಕ್ಕಿ ಮುರಿಯಿತಂತೆ. ಅವನ ದ್ವೀಪದಲ್ಲಿ ಎಕ್ಸ್-ರೇ ಯಂತ್ರವಿಲ್ಲ. ಹತ್ತಿರದ ಆಸ್ಪತ್ರೆ ಎಂದರೆ ಮಾಸ್ತರರ ಮಗಳದ್ದೇ. ಬೆಳಗಿನ ವಿಮಾನ ಹತ್ತಿ ಬಂದು ತೆಗೆಸಿಕೊಂಡನಂತೆ. ಇದೇ ಆ ಬೆರಳು.

ಮಾಸ್ತರರು ಕನ್ನಡಕ ಏರಿಸಿ ಬೆರಳನ್ನು ನೋಡಿದರು. ಬೆರಳಿನ ಕೆಳಗೆ ಆಸ್ಪತ್ರೆಯವರು ಹಾಕಿದ್ದ ವಾರವನ್ನೂ ನೋಡಿದರು. ಅವರ ಮುಖ ಅರಳಿತು.

“ಅಮ್ಮಾ, ಬೆರಳು ಮುರಿದದ್ದು ಯಾವತ್ತು ಅಂದ್ರಿ?”

“ಶನಿವಾರ.”

“ಎಕ್ಸ್-ರೇ ತೆಗೆದದ್ದು?”

ಅಮ್ಮ ಬಗ್ಗಿ ನೋಡಿದರು. “ಶುಕ್ರವಾರ ಅಂತಿದೆ.”

“ಅಂದ್ರೆ ನಿಮ್ಮ ಮಗ ನಾಳೆ ಮುರಿಯೋ ಬೆರಳಿಗೆ ಇವತ್ತೇ ಎಕ್ಸ್-ರೇ ತೆಗೆಸ್ಕೊಂಡ.”

ಕೆಮ್ಮಿನ ಔಷಧಿಗೆ ಬಂದಿದ್ದ ಮುದುಕ ಕೆಮ್ಮುವುದನ್ನೇ ಮರೆತ. ಅಮ್ಮ ಫೋನನ್ನು ಹತ್ತಿರ ಹಿಡಿದು ವಾರವನ್ನು ಇನ್ನೊಮ್ಮೆ ಓದಿದರು. ಮಗ ಏನೋ ಹೇಳಿದ್ದ, ತನಗೆ ಪೂರ್ತಿ ಅರ್ಥವಾಗಿರಲಿಲ್ಲ ಎಂದರು. ಆ ಸಮುದ್ರದ ನಡುವೆ ಒಂದು ಗೆರೆ ಇದೆಯಂತೆ, ಅದನ್ನು ದಾಟಿದರೆ ವಾರ ಬದಲಾಗುತ್ತದಂತೆ, ಅವನ ಕಡೆ ಶನಿವಾರವಾದರೆ ಹುಡುಗಿಯ ಕಡೆ ಇನ್ನೂ ಶುಕ್ರವಾರವಂತೆ.

“ನಲವತ್ತು ವರ್ಷದಿಂದ ಗೆರೆ ಎಳೀತಿದೀನಿ ಅಮ್ಮ” ಎಂದರು ಮಾಸ್ತರರು. “ಬಟ್ಟೆ ಚೂರು ಒದ್ದೆ ಇದ್ರೇ ಸೀಮೆಸುಣ್ಣ ನಿಲ್ಲಲ್ಲ. ಸಮುದ್ರದ ಮೇಲೆ ಯಾರು ಎಳೆದ್ರು?”

ಗಿರಾಕಿಗಳಿಗೆ ಈ ಮಾತು ಬಹಳ ನ್ಯಾಯವಾಗಿ ಕಂಡಿತು. ಆದರೆ ಅಮ್ಮನೂ ಬಿಡುವವರಲ್ಲ. ಆ ಎಕ್ಸ್-ರೇ ತೆಗೆದು ವಾರ ಹಾಕಿದವಳು ನಿಮ್ಮ ಮಗಳೇ, ಹಾಗಾದರೆ ಅವಳೂ ಸುಳ್ಳಿಯೇ ಎಂದು ಕೇಳಿದರು. ಮಾಸ್ತರರು ಇಕ್ಕಟ್ಟಿಗೆ ಸಿಕ್ಕಿದರು. ಮಗಳು ಸುಳ್ಳು ಹೇಳುವವಳಲ್ಲ, ವಾರವೂ ಸುಳ್ಳಲ್ಲ. ಉಳಿದದ್ದು ಒಂದೇ.

“ಹಾಗಾದ್ರೆ ಬೆರಳೇ ಸುಳ್ಳು” ಎಂದು ಹೇಳಿ ಅಂಗಡಿಯಿಂದ ಇಳಿದರು.

ಆ ಮಾತು ಅವರಿಗಿಂತ ಮೊದಲು ಕ್ಷೌರದಂಗಡಿ ತಲುಪಿತು. ಮೊದಲ ಗಿರಾಕಿಯ ಗಡ್ಡ ಮುಗಿಯುವಾಗ, ಹುಡುಗನ ಬೆರಳು ಮುರಿದೇ ಇಲ್ಲ ಎಂದಿತ್ತು. ಎರಡನೆಯವನ ಕ್ರಾಪು ಮುಗಿಯುವಾಗ, ಮುರಿಯಲು ಬೆರಳೇ ಇಲ್ಲ, ಅದು ರಬ್ಬರಿನದು ಎಂದಾಯಿತು. ಮೂರನೆಯವನು ತಲೆಗೆ ಎಣ್ಣೆ ತಿಕ್ಕಿಸಿಕೊಂಡು ಏಳುವಷ್ಟರಲ್ಲಿ ಇಡೀ ಕೈ ಹೋಗಿತ್ತು. ಸಾಲದ್ದಕ್ಕೆ, ಶುಕ್ರವಾರಕ್ಕೊಂದು ಶನಿವಾರಕ್ಕೊಂದು ಎಂದು ಎರಡು ದ್ವೀಪದಲ್ಲಿ ಎರಡು ಸಂಸಾರ ಹೂಡಿದ್ದ. ಮಾಸ್ತರರ ಬಾಮೈದ ಬಸ್ ನಿಲ್ದಾಣದಲ್ಲಿ ಇದನ್ನು ಮೈಕಿನಲ್ಲಿ ಹೇಳಲಿಲ್ಲ, ನಿಜ. ಆದರೆ ಮೈಕು ಆರಿಸದೆ ಪಕ್ಕದವನಿಗೆ ಹೇಳಿದ.

ಮರುದಿನ ಮಧ್ಯಾಹ್ನ ಔಷಧಿ ಅಂಗಡಿಯಮ್ಮ ಬಂದರು. ಕೂತುಕೊಳ್ಳಿ ಎಂದರೆ ಕೂರಲಿಲ್ಲ. ಬೆಳಿಗ್ಗೆಯಿಂದ ತಮ್ಮ ಅಂಗಡಿಗೆ ಬಂದವರೆಲ್ಲ ಮಾತ್ರೆ ಕೊಳ್ಳುವ ನೆಪದಲ್ಲಿ ಮಗನ ಕೈಯ ಬಗ್ಗೆ ಕನಿಕರ ತೋರಿಸಿ ಹೋಗುತ್ತಿದ್ದಾರೆ ಎಂದರು. ಅವರ ದನಿ ಏರಲಿಲ್ಲ, ಏರಿದ್ದರೆ ವಾಸಿಯಿತ್ತು.

“ಒಬ್ಬಳೇ ಬೆಳೆಸಿದ ಮಗ ಮಾಸ್ಟ್ರೇ. ಸುಳ್ಳು ಕಲಿಸಿ ಬೆಳೆಸಿಲ್ಲ. ಸಂಬಂಧದ ಮಾತು ಇಲ್ಲಿಗೆ ಬಿಡಿ. ನಮ್ಮ ಬಟ್ಟೆ ವಾಪಸ್ ಕೊಡಿ.”

ಬಟ್ಟೆ ಕತ್ತರಿಸಿ ಆಗಿತ್ತು. ಮೇಜಿನ ಮೇಲೆ ಬೆನ್ನು ಒಂದು ಕಡೆ, ಎದೆ ಎರಡು ಕಡೆ, ತೋಳುಗಳು ಬೇರೆ. ಕತ್ತರಿಸಿದ ಬಟ್ಟೆಯನ್ನು ಹೊಲಿಯದೆ ವಾಪಸು ಕೊಡುವುದೆಂದರೆ ಟೈಲರಿಗೆ ಮೂಗು ಕುಯ್ದಂತೆ. ಮಾಸ್ತರರ ಹೆಂಡತಿಯೇ ನಡುವೆ ಬಂದು, ಸಂಜೆಯವರೆಗೆ ಸಮಯ ಕೊಡಿ, ಶರಟಾಗಿಯೇ ಒಯ್ಯಿರಿ, ಯಾರಿಗೆ ಬೇಕಾದರೂ ತೊಡಿಸಿ ಎಂದು ಕೈಮುಗಿದಳು. ಸಂಜೆ ಬರುತ್ತೇನೆ ಎಂದು ಅಮ್ಮ ಹೋದರು.

ಅಂಗಡಿಯಲ್ಲಿ ಗಂಡಹೆಂಡಿರು ಇಬ್ಬರೇ ಉಳಿದರು. ಮಾಸ್ತರರು ಮಿಷನ್ನಿನ ಮುಂದೆ ಕೂತು ಒಂದು ತೋಳನ್ನು ಕೈಗೆತ್ತಿಕೊಂಡರು. ಕಾಲು ತುಳಿಯುತ್ತಿತ್ತು, ಬಾಯಿ ಅದಕ್ಕಿಂತ ಜೋರಾಗಿ ಓಡುತ್ತಿತ್ತು. ಇಡೀ ಬೀದಿಗೆ ಬುದ್ಧಿ ಇಲ್ಲ, ಮಗಳಿಗೆ ಇದ್ದದ್ದೂ ಹೋಯಿತು, ಕಣ್ಣಿಗೆ ಕಾಣುವ ನಕ್ಷೆಯನ್ನು ಬಿಟ್ಟು ಕಾಣದ ಗೆರೆಯನ್ನು ನಂಬುತ್ತಾರೆ ಎಂದು ಗೊಣಗಿದರು. ಹೆಂಡತಿ ಗುಂಡಿಗಳನ್ನು ಹೆಕ್ಕುತ್ತಾ ಕೇಳಿಸಿಕೊಂಡಳು. ಅವಳ ಸಹನೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು.

“ಎಡದ ಅಂಚು ಎಲ್ಲಿ, ಬಲದ ಅಂಚು ಎಲ್ಲಿ” ಎಂದರು ಮಾಸ್ತರರು, ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳುತ್ತಾ. “ಎರಡು ಅಂಚು ಎಲ್ಲಾದ್ರೂ ಒಂದಕ್ಕೊಂದು ಹತ್ತಿರ ಇರೋಕೆ ಸಾಧ್ಯವೇನೇ?”

ಹೆಂಡತಿ ಎದ್ದು ಬಂದು ಮಿಷನ್ನಿನ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು. ಮೇಜಿನ ಮೇಲೆ ಹರಡಿದ್ದ ಇನ್ನೊಂದು ತೋಳನ್ನು ತೋರಿಸಿದಳು.

“ಇದನ್ನ ಅಳೀರಿ. ಈ ಅಂಚಿಂದ ಆ ಅಂಚಿಗೆ.”

ಮಾಸ್ತರರು ಅಳೆದರು. ಹದಿನೇಳು ಇಂಚು.

“ಈಗ ನಿಮ್ಮ ಕೈಲಿರೋದನ್ನ ಅಳೀರಿ. ಹೊಲಿದಿದೀರಲ್ಲ, ಅದನ್ನ. ಈ ಅಂಚಿಂದ ಆ ಅಂಚಿಗೆ.”

ಮಾಸ್ತರರು ಟೇಪು ಎತ್ತಿದರು. ತೋಳನ್ನು ತಿರುಗಿಸಿ ನೋಡಿದರು. ಟೇಪನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಎರಡು ಅಂಚೂ ಒಂದೇ ಹೊಲಿಗೆಯಲ್ಲಿ ತಬ್ಬಿಕೊಂಡು ಕೂತಿದ್ದವು. ಅವರು ನಿಧಾನವಾಗಿ ತಲೆ ಎತ್ತಿ ಗೋಡೆಯ ನಕ್ಷೆಯನ್ನು ನೋಡಿದರು.

“ಭೂಮಿ ಗುಂಡಗಿದೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು” ಎಂದಳು ಹೆಂಡತಿ. “ಅದನ್ನ ಬಿಚ್ಚಿ ಗೋಡೆಗೆ ಹರಡಿದ್ದಾರೆ ಅಷ್ಟೇ. ನಲವತ್ತು ವರ್ಷ ಅಂಚಿಗೆ ಅಂಚು ಸೇರಿಸಿ ಹೊಲಿದವರಿಗೆ ಇಷ್ಟು ಹೊಳೀಲಿಲ್ವಾ? ಆ ಮಗು ಅಷ್ಟು ದೂರದಿಂದ ನಿಮ್ಮ ಹೂಂ ಅನ್ನೋ ಒಂದು ಮಾತಿಗೆ ಕಾಯ್ತಿದೆ.”

ಮಾಸ್ತರರಿಗೆ ಜೀವಮಾನದಲ್ಲಿ ಇಷ್ಟು ನಾಚಿಕೆಯಾಗಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂದರೆ ಕೂಸಾದರೂ ಅತ್ತು ಕರೆಯಬಹುದಿತ್ತು, ಹೊಲಿಗೆ ಅಳುವುದಿಲ್ಲ. ಅವರು ಎದ್ದು ನಕ್ಷೆಯನ್ನು ಗೋಡೆಯಿಂದ ಇಳಿಸಿದರು. ಬಾಗಿಲ ಬಳಿ ತಲೆ, ಕೈ, ಕಾಲು ಇಲ್ಲದ ಮರದ ಗೊಂಬೆಯೊಂದು ಶರಟು ತೊಟ್ಟು ನಿಂತಿರುತ್ತಿತ್ತು. ಮೂವತ್ತೆಂಟರ ಎದೆ. ಶರಟು ಬಿಚ್ಚಿ, ನಕ್ಷೆಯನ್ನು ಅದಕ್ಕೆ ಸುತ್ತಿದರು. ಹೇಳಿ ಮಾಡಿಸಿದಂತೆ ಕೂತಿತು. ಬೆನ್ನಿನ ಕಡೆ ಎರಡು ಅಂಚು ಕೂಡಿದವು. ಒಂದಂಚಿನಿಂದ ಅರ್ಧ ಇಂಚಿಗೆ ಮಗಳ ದ್ವೀಪ, ಇನ್ನೊಂದರಿಂದ ಅರ್ಧ ಇಂಚಿಗೆ ಹುಡುಗನ ದ್ವೀಪ, ನಡುವೆ ಒಂದು ಹೆಬ್ಬೆರಳು ಹಿಡಿಯುವಷ್ಟು ಜಾಗ. ಮಾಸ್ತರರು ದಪ್ಪ ಸೂಜಿ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಹೊಲಿದುಬಿಟ್ಟರು. ಆಮೇಲೆ ಇಷ್ಟು ದಿನ ಚುಚ್ಚದೆ ಇಟ್ಟಿದ್ದ ಎರಡನೆಯ ಗುಂಡುಸೂಜಿಯನ್ನು ಚುಚ್ಚಿದರು.

ಸಂಜೆಯಾಗುವುದನ್ನು ಕಾಯಲಿಲ್ಲ. ಪ್ರಪಂಚವನ್ನು ತೊಟ್ಟ ಗೊಂಬೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಬೀದಿಗಿಳಿದರು; ಹಿಂದೆ ಹೆಂಡತಿ. ಕ್ಷೌರದಂಗಡಿಯವನು ಕತ್ತಿ ಹಿಡಿದೇ ಓಡಿಬಂದ, ಅವನ ಹಿಂದೆ ಒಂದು ಕೆನ್ನೆಯ ನೊರೆಯೊಡನೆ ಗಿರಾಕಿಯೂ ಬಂದ. ಔಷಧಿ ಅಂಗಡಿಯ ಮುಂದೆ ಹೋಗುವಷ್ಟರಲ್ಲಿ ಅರ್ಧ ಬೀದಿ ಸೇರಿತ್ತು. ಮಾಸ್ತರರು ಗೊಂಬೆಯನ್ನು ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಇಟ್ಟು ಗಂಟಲು ಸರಿಮಾಡಿಕೊಂಡರು.

ನಕ್ಷೆಯಲ್ಲಿ ಒಂದು ಸಣ್ಣ ದೋಷವಿತ್ತು ಎಂದು ಶುರು ಮಾಡಿದರು. ಹಿಂದಿನಿಂದ ಹೆಂಡತಿ ಕೆಮ್ಮಿದಳು. ಅದು ಯಾವ ಔಷಧಿಗೂ ಜಗ್ಗುವ ಕೆಮ್ಮಲ್ಲ ಎಂದು ಮಾಸ್ತರರಿಗೆ ಗೊತ್ತಿತ್ತು.

“ದೋಷ ನಕ್ಷೇದಲ್ಲ ಅಮ್ಮ, ನನ್ನದು” ಎಂದರು, ಬೀದಿಗೆಲ್ಲ ಕೇಳುವಂತೆ. “ನಿಮ್ಮ ಮಗ ಸುಳ್ಳು ಹೇಳಿಲ್ಲ. ನೀವೂ ಹೇಳಿಲ್ಲ. ಬೆರಳೂ ನಿಜ, ವಾರವೂ ನಿಜ. ನಾನು ಬಾಯಿಗೆ ಬಂದ ಹಾಗೆ ಮಾತಾಡಿಬಿಟ್ಟೆ. ತಪ್ಪಾಯ್ತು.”

ಅಮ್ಮ ಬಹಳ ಹೊತ್ತು ಆ ಗೊಂಬೆಯ ಬೆನ್ನನ್ನೇ ನೋಡಿದರು. ಎರಡು ಗುಂಡುಸೂಜಿಗಳು ಪಕ್ಕಪಕ್ಕದಲ್ಲಿ ನಿಂತಿದ್ದವು.

“ಈಗ ಎಷ್ಟು ದೂರ ಮಾಸ್ಟ್ರೇ?”

“ಒಂದು ಹೊಲಿಗೆ.”

ನೊರೆಯ ಕೆನ್ನೆಯವನು, ಹಾಗಾದರೆ ಶುಕ್ರವಾರ ಶನಿವಾರದ ಸಂಗತಿ ಏನು ಎಂದು ಕೇಳಿದ. ಮಾಸ್ತರರು ಅವನತ್ತ ಅಜ್ಞಾನಿಯನ್ನು ನೋಡುವಂತೆ ನೋಡಿದರು. ಯಾವ ಉಡುಪಿಗಾದರೂ ಎಲ್ಲೋ ಒಂದು ಕಡೆ ಅಂಚು ಕೂಡಲೇಬೇಕು, ಹಾಗೆಯೇ ವಾರಕ್ಕೂ ಒಂದು ಹೊಲಿಗೆ ಬೇಕು, ಜನ ಓಡಾಡುವ ಎದೆಯ ಮೇಲೆ ಹಾಕಿದರೆ ಚೆನ್ನಾಗಿ ಕಾಣುವುದಿಲ್ಲವೆಂದು ಬೆನ್ನಿಗೆ, ಸಮುದ್ರದಲ್ಲಿ ಹಾಕಿದ್ದಾರೆ ಎಂದರು. ಇದು ತಮಗೆ ಮೊದಲಿನಿಂದಲೂ ಗೊತ್ತಿತ್ತು ಎನ್ನುವುದಕ್ಕೆ ಬಾಯಿ ತೆರೆದವರು, ಹೆಂಡತಿ ಮತ್ತೆ ಕೆಮ್ಮುವ ಮೊದಲೇ ಮುಚ್ಚಿಕೊಂಡರು.

ಅಮ್ಮ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಈಚೆ ಬಂದರು. ಶರಟಿನ ಇನ್ನೊಂದು ತೋಳು ಯಾವಾಗ ಮುಗಿಯುತ್ತದೆ ಎಂದು ಮಾತ್ರ ಕೇಳಿದರು. ಮಾಸ್ತರರ ಹೆಂಡತಿ ಅಲ್ಲೇ ಕಣ್ಣೊರೆಸಿಕೊಂಡಳು.

ಬಾಮೈದ ಸುದ್ದಿ ತಿಳಿದು ಅಂಗಡಿಗೆ ಬಂದಾಗ ಗೋಡೆ ಬರಿದಾಗಿತ್ತು. ತೇವದ ಕಲೆ ಮೊದಲಿಗಿಂತ ಎರಡರಷ್ಟಾಗಿತ್ತು. ಅವನು ಕೈಕಟ್ಟಿ ಅದನ್ನೇ ನೋಡಿ, ಇದು ಯಾವ ದೇಶ ಭಾವ ಎಂದು ಕೇಳಿದ.  ಮಾಸ್ತರರು ಗೊಂಬೆಯ ಮುಂದೆ ಮಂಡಿಯೂರಿ, ಎದೆಯ ಮೇಲಿದ್ದ ತಮ್ಮ ಊರಿನಿಂದ ಬೆನ್ನಿನ ಮಗಳ ದ್ವೀಪದವರೆಗೆ ಟೇಪು ಸುತ್ತುತ್ತಿದ್ದರು. ಇಡೀ ವರ್ಷದಲ್ಲಿ ಆ ದೂರವೊಂದನ್ನು ಮಾತ್ರ ಅವರು ಅಳೆದಿರಲಿಲ್ಲ. ಎಡಗಡೆಯಿಂದ ಅಳೆದರು, ಬಲಗಡೆಯಿಂದ ಅಳೆದರು. ಹತ್ತಿರದ ಕಡೆಯಿಂದಲೂ ಹನ್ನೊಂದು ಇಂಚಿಗೆ ಒಂದು ದಾರದಷ್ಟೂ ಕಡಿಮೆಯಾಗಲಿಲ್ಲ. ಆಮೇಲೆ ಹೆಂಡತಿಯ ಕೈಯಿಂದ ಫೋನು ತೆಗೆದುಕೊಂಡರು.

ಒಪ್ಪಿದ್ದೇನೆ ಎಂದು ಮೊದಲು ಹೇಳಿಬಿಟ್ಟರು.

“ನಿಮ್ಮಿಬ್ಬರಿಗೂ ಒಂದೇ ಹೊಲಿಗೆ ದೂರ ಕಣಮ್ಮ” ಎಂದರು ಮಾಸ್ತರರು. “ನಮಗೆ ಮಾತ್ರ ಹತ್ತಿರದ ಕಡೆಯಿಂದ ಬಂದ್ರೂ ಹನ್ನೊಂದು ಇಂಚು. ಅದೇ ನನಗೆ ಸಂಕಟ.”

ಮಗಳು ಮೂಗೆಳೆದುಕೊಂಡು ನಕ್ಕಳು. ಇಬ್ಬರೂ ಜೊತೆಯಲ್ಲೇ ಬರುತ್ತೇವೆ, ಮೊದಲು ತಾನು ಅವರ ದ್ವೀಪಕ್ಕೆ ಹೋಗುತ್ತೇನೆ ಎಂದಳು. ಗುರುವಾರ ಹೊರಟರೆ ನಾಲ್ಕೇ ಗಂಟೆಯ ದಾರಿಯಂತೆ, ಆದರೆ ಇಳಿದಾಗ ಶುಕ್ರವಾರವಾಗಿರುತ್ತದಂತೆ, ಅಲ್ಲಿಂದ ಹೊರಟು ಇಲ್ಲಿಗೆ ಬರುವಾಗ ಮತ್ತೆ...

“ಬಾ ಮಗಳೇ” ಎಂದರು ಮಾಸ್ತರರು. “ಬೇಗ ಬಾ. ಯಾವ ವಾರ ಅಂತ ಮಾತ್ರ ಹೇಳಬೇಡ.”